ಉಕ್ಕಿನ ಅಂಗಿ

ಯೂರೋಪಿನ ಮಧ್ಯಯುಗದ ಕುದುರೆಸರದಾರನನ್ನು, ಎಂದರೆ ಇಂಗ್ಲಿಷರು ನೈಟ್ ಎಂದು ಕರೆಯುವವನನ್ನು, ನಮ್ಮಲ್ಲಿ ಬಹುಮಂದಿ ಕಂಡಿರುವುದು ಮಕ್ಕಳ ಪುಸ್ತಕದ ಚಿತ್ರಗಳಲ್ಲಿ, ಇಲ್ಲವೇ ಸಿನಿಮಾದಲ್ಲಿ. ಅಡಿಯಿಂದ ಮುಡಿಯವರೆಗೆ ಉಕ್ಕನ್ನೇ ತೊಟ್ಟ ಆಳು ಅವನು. ಕಣ್ಣಿನ ನೇರಕ್ಕೆ ಒಂದು ಸಣ್ಣ ಸೀಳು ಬಿಟ್ಟರೆ ಮೈ ಎಲ್ಲಿಯೂ ಕಾಣದು. ಇಷ್ಟು ಲೋಹ ಹೊತ್ತವನು ನಡೆಯುವುದೆಂತು, ಕುದುರೆ ಹತ್ತುವುದೆಂತು ಎಂದು ನೋಡಿದವರಿಗೆ ಆಶ್ಚರ್ಯವಾಗುವುದು ಸಹಜವೇ. 1944ರಲ್ಲಿ ಲಾರೆನ್ಸ್ ಒಲಿವಿಯೆ ತೆಗೆದ ‘ಐದನೆಯ ಹೆನ್ರಿ’ ಚಿತ್ರದಲ್ಲಿ ಈ ಆಶ್ಚರ್ಯಕ್ಕೆ ಉತ್ತರವೆಂಬಂತೆ ಒಂದು ದೃಶ್ಯವುಂಟು: ಫ್ರೆಂಚ್ ಸರದಾರನನ್ನು ರಾಟೆಗೆ ಕಟ್ಟಿ ಮೇಲೆತ್ತಿ, ಬಾವಿಗೆ ಕೊಡ ಇಳಿಸಿದ ಹಾಗೆ ಕುದುರೆಯ ಬೆನ್ನಿಗೆ ಇಳಿಸುತ್ತಾರೆ. ನೋಡಿದವರು ನಕ್ಕರು, ನಂಬಿಯೂ ಬಿಟ್ಟರು. ನೆಲಕ್ಕೆ ಬಿದ್ದ ನೈಟ್ ಅಂಗಾತ ಬಿದ್ದ ಆಮೆಯಂತೆ ಯಾರಾದರೂ ಎತ್ತುವವರೆಗೆ ಕೈಕಾಲು ಬಡಿಯುತ್ತಿರಬೇಕಾಗಿತ್ತೆಂಬ ಮಾತು ಈಗಲೂ ಕೇಳಿಬರುತ್ತದೆ.

ಆ ಮಾತು ಸುಳ್ಳು. ಯುದ್ಧಕ್ಕೆಂದು ಮಾಡಿದ ಪೂರ್ಣ ಕವಚದ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋಗ್ರಾಂ. ಭರ್ಜಿ ಹಿಡಿದು ಎದುರುಬದುರಾಗಿ ಕುದುರೆ ಓಡಿಸುವ ಪಂದ್ಯಗಳಿಗೆಂದು ಮಾಡಿದ ಕವಚ ಇದಕ್ಕಿಂತ ಬಹಳ ಭಾರ. ಆದರೆ ಅದನ್ನು ತೊಟ್ಟು ಯಾರೂ ಯುದ್ಧಕ್ಕೆ ಹೋಗುತ್ತಿರಲಿಲ್ಲ. ಇಂದಿನ ಕಾಲಾಳು ಬೆನ್ನಿಗೂ ಸೊಂಟಕ್ಕೂ ಬಿಗಿದುಕೊಂಡು ನಡೆಯುವ ಹೊರೆ ಅನೇಕ ವೇಳೆ ಯುದ್ಧಕವಚದ ತೂಕವನ್ನು ಮೀರುತ್ತದೆ. ಜೊತೆಗೆ ಕವಚದ ಭಾರ ಒಂದೇ ಕಡೆ ತೂಗಾಡುವುದಿಲ್ಲ. ತಲೆ, ಭುಜ, ಸೊಂಟ, ತೊಡೆ, ಕಾಲುಗಳಿಗೆ ಹಂಚಿಹೋಗಿರುತ್ತದೆ.

ವಸ್ತುಸಂಗ್ರಹಾಲಯದ ಪಂಡಿತರಿಗೆ ಇದು ಮೊದಲಿನಿಂದಲೂ ತಿಳಿದಿತ್ತು. ಆದರೆ ಗಾಜಿನ ಪೆಟ್ಟಿಗೆಯಲ್ಲಿರುವ ಕವಚವನ್ನು ತೂಗಿ ನೋಡಬಹುದೇ ಹೊರತು ತೊಟ್ಟು ಓಡುವುದಕ್ಕಾಗದು. ತೊಟ್ಟು, ಓಡಿ, ಬಿದ್ದು, ಎದ್ದು ತೋರಿಸಿದವರಲ್ಲಿ ಹೆಚ್ಚಿನವರು ಪಂಡಿತರಲ್ಲ. ಬೇರೆ ಬೇರೆ ಉದ್ಯೋಗಗಳಲ್ಲಿದ್ದುಕೊಂಡು, ಬಿಡುವಿನ ಹೊತ್ತಿನಲ್ಲಿ ಹಿತ್ತಿಲ ಕೊಟ್ಟಿಗೆಯಲ್ಲಿ ಸುತ್ತಿಗೆ ಹಿಡಿದ ಹವ್ಯಾಸಿಗಳು. ಸತ್ತುಹೋಗಿದ್ದ ಒಂದು ಕಸುಬನ್ನು ಅವರು ಒಬ್ಬರನ್ನೊಬ್ಬರು ಕೇಳಿಕೊಂಡು ಮತ್ತೆ ಕಲಿತರು. ಆ ಕಥೆಯನ್ನು ಹೇಳಬೇಕಾದರೆ, ಕಸುಬು ಬದುಕಿದ್ದಾಗ ಹೇಗಿತ್ತು, ಸತ್ತದ್ದೇಕೆ ಎಂಬುದನ್ನು ಮೊದಲು ನೋಡಬೇಕು.

ಹದಿಮೂರನೆಯ ಶತಮಾನದವರೆಗೆ ಯೂರೋಪಿನ ಯೋಧನ ಮುಖ್ಯ ರಕ್ಷಣೆ ಕಬ್ಬಿಣದ ಉಂಗುರಗಳಿಂದ ಹೆಣೆದ ಅಂಗಿ. ಪ್ರತಿಯೊಂದು ಉಂಗುರವೂ ಅಕ್ಕಪಕ್ಕದ ನಾಲ್ಕು ಉಂಗುರಗಳೊಳಗೆ ಹಾದುಹೋಗುತ್ತದೆ. ಬಾಯಿಗೆ ಒಂದು ಪುಟ್ಟ ರಿವೆಟ್ ಹೊಡೆದು ಮುಚ್ಚಿರುತ್ತಾರೆ. ಹೀಗೆ ಹೆಣೆದ ಒಂದು ಅಂಗಿಗೆ ಇಪ್ಪತ್ತು ಮೂವತ್ತು ಸಾವಿರ ಉಂಗುರಗಳು ಬೇಕಾಗುತ್ತವೆ. ತೂಕ ಸುಮಾರು 10 ಕಿಲೋಗ್ರಾಂ. ಕತ್ತಿಯ ಅಲಗು ಇದನ್ನು ಸುಲಭವಾಗಿ ಕತ್ತರಿಸಲಾರದು. ಆದರೆ ಗದೆಯ ಪೆಟ್ಟು ಒಳಗಿನ ಎಲುಬಿಗೆ ತಾಕುವುದು ತಪ್ಪದು. ಆದಕಾರಣ ಹದಿನಾಲ್ಕನೆಯ ಶತಮಾನದಲ್ಲಿ ಮೊಣಕಾಲಿಗೊಂದು ಚಿಪ್ಪು, ಮೊಣಕೈಗೊಂದು ಬಟ್ಟಲು, ಎದೆಗೊಂದು ಹಲಗೆ ಎಂದು ಒಂದೊಂದಾಗಿ ತಗಡುಗಳು ಸೇರುತ್ತ ಬಂದವು. 1400ರ ಸುಮಾರಿಗೆ ಮೈಯೆಲ್ಲ ತಗಡಿನಿಂದ ಮುಚ್ಚುವ ವಿದ್ಯೆ ಪೂರ್ಣವಾಯಿತು. ಇಟಲಿಯ ಮಿಲಾನ್, ಜರ್ಮನಿಯ ಆಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗ್, ಆಸ್ಟ್ರಿಯದ ಇನ್ಸ್‌ಬ್ರುಕ್ ಈ ಕೆಲಸಕ್ಕೆ ಹೆಸರಾದ ಊರುಗಳು.

ಆ ಕಾಲದಲ್ಲಿಯೂ ಕವಚವನ್ನು ಒಬ್ಬನೇ ಕುಳಿತು ಮಾಡುತ್ತಿರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಮಿಲಾನಿನ ಒಂದೇ ಕವಚದ ಬೇರೆ ಬೇರೆ ಭಾಗಗಳ ಮೇಲೆ ಬೇರೆ ಬೇರೆ ಕುಶಲಿಗಳ ಮುದ್ರೆ ಕಾಣುತ್ತದೆ. ಶಿರಸ್ತ್ರಾಣದವನು ಒಬ್ಬ, ತೋಳಿನವನು ಒಬ್ಬ, ಕಾಲಿನವನು ಮತ್ತೊಬ್ಬ. ನೀರಿನ ಚಕ್ರದಿಂದ ಓಡುವ ದೊಡ್ಡ ಸುತ್ತಿಗೆಗಳಲ್ಲಿ ಕಬ್ಬಿಣವನ್ನು ತಟ್ಟಿ ತಗಡು ಮಾಡಿ ಕೊಡುವವರು ಬೇರೆ. ಆಕಾರ ಕೊಡುವವರು ಬೇರೆ. ಉಜ್ಜಿ ಹೊಳಪು ಕೊಡುವವರು ಬೇರೆ. ತೊಗಲಿನ ಪಟ್ಟಿ, ಬಕಲ್ ಕೂರಿಸುವವರು ಇನ್ನೂ ಬೇರೆ. 1427ರಲ್ಲಿ ಮಕ್ಲೋದಿಯೊ ಎಂಬಲ್ಲಿ ಮಿಲಾನಿನ ಸೇನೆ ಸೋತು ಆಯುಧಗಳನ್ನೆಲ್ಲ ಕಳೆದುಕೊಂಡಾಗ, ಆ ನಗರದ ಕವಚಗಾರರು 4,000 ಸವಾರರಿಗೂ 2,000 ಕಾಲಾಳುಗಳಿಗೂ ಬೇಕಾದ ಕವಚಗಳನ್ನು ಕೆಲವೇ ದಿನಗಳಲ್ಲಿ ಒದಗಿಸಿದರೆಂದು ಹೇಳಿಕೆಯುಂಟು.

ಕವಚ ಮಾಡುವವನ ಮೇಲೆ ಹೊಣೆ ದೊಡ್ಡದು. ಚಪ್ಪಲಿ ಕೆಟ್ಟದಾದರೆ ಕಾಲು ನೋಯುತ್ತದೆ. ಶಿರಸ್ತ್ರಾಣ ಕೆಟ್ಟದಾದರೆ ಪ್ರಾಣ ಹೋಗುತ್ತದೆ. ಲಂಡನ್ನಿನ ಕವಚಗಾರರು 1322ರಲ್ಲಿ ಮಾಡಿಕೊಂಡ ಕಟ್ಟಳೆಗಳಲ್ಲಿ ಇದರ ಕುರುಹು ಇದೆ. ಒಡಕು ಶಿರಸ್ತ್ರಾಣಗಳನ್ನು ಅಗ್ಗಕ್ಕೆ ಕೊಂಡು, ಮೇಲೆ ಹೊಸ ಬಟ್ಟೆ ಹೊದಿಸಿ, ಹೊಸದೆಂದು ಹಳ್ಳಿಗಾಡಿನಲ್ಲಿ ಮಾರುವ ವಂಚಕರು ಆಗಲೂ ಇದ್ದರು. ಆದ್ದರಿಂದ ಶಿರಸ್ತ್ರಾಣವನ್ನು ಬಟ್ಟೆ ಹೊದಿಸದೆ ಬತ್ತಲೆಯಾಗಿಯೇ ಮಾರಾಟಕ್ಕೆ ಇಡಬೇಕು, ಕೊಳ್ಳುವವನು ಒಳಗಿನ ಕೆಲಸವನ್ನು ಕಣ್ಣಾರೆ ನೋಡಬೇಕು ಎಂದು ನಿಯಮ ಮಾಡಿದರು. ಇದೇ ಸಂಘಕ್ಕೆ 1453ರಲ್ಲಿ ಆರನೆಯ ಹೆನ್ರಿ ರಾಜಸನ್ನದು ಕೊಟ್ಟ.

ಆಮೇಲೆ ಕೋವಿ ಬಂತು. ಕವಚಗಾರರು ಒಡನೆಯೆ ಸೋಲೊಪ್ಪಿಕೊಳ್ಳಲಿಲ್ಲ. ಎದೆಯ ತಗಡನ್ನು ದಪ್ಪ ಮಾಡಿದರು, ಗುಂಡು ಹೊಡೆದು ಪರೀಕ್ಷಿಸಿ ಆ ತಗ್ಗನ್ನೇ ಭರವಸೆಯ ಮುದ್ರೆಯಾಗಿ ಬಿಟ್ಟರು. ಆದರೆ ದಪ್ಪವಾದಷ್ಟೂ ಭಾರ. ಹದಿನೇಳನೆಯ ಶತಮಾನದಲ್ಲಿ ಕಾಲಿನದು ಹೋಯಿತು, ತೋಳಿನದು ಹೋಯಿತು, ಕೊನೆಗೆ ಎದೆ ಬೆನ್ನುಗಳ ತಗಡೂ ತಲೆಯ ಟೋಪಿಯೂ ಉಳಿದವು. ಲಂಡನ್ನಿನ ಕವಚಗಾರರ ಸಂಘ 1708ರಲ್ಲಿ ಕಂಚುಗಾರರ ಸಂಘದೊಡನೆ ಸೇರಿ ಒಂದಾಯಿತು. ಯುದ್ಧದ ಅಂಗಿ ತಟ್ಟುತ್ತಿದ್ದವರ ಹೆಸರು ಪಾತ್ರೆ ತಟ್ಟುವವರ ಹೆಸರಿನೊಂದಿಗೆ ಸೇರಿಹೋಯಿತು.

ಕಸುಬು ಸತ್ತಾಗ ಅದರ ಜೊತೆಗೆ ಬಹಳಷ್ಟು ತಿಳಿವಳಿಕೆಯೂ ಸತ್ತಿತು. ಏಕೆಂದರೆ ಕವಚಗಾರರು ಬರೆದಿಟ್ಟವರಲ್ಲ. ಹುಡುಗ ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ತಿದಿ ಒತ್ತಿ, ಇಕ್ಕಳ ಹಿಡಿದು, ಪೆಟ್ಟು ತಿಂದು ಕಲಿಯಬೇಕಾಗಿತ್ತು. ಕಲಿತದ್ದನ್ನು ಸಂಘದ ಹೊರಗಿನವರಿಗೆ ಹೇಳುವಂತಿರಲಿಲ್ಲ. ಜರ್ಮನಿಯ ಯೋಸ್ಟ್ ಅಮ್ಮಾನ್ 1568ರಲ್ಲಿ ನಾನಾ ಕಸುಬಿನವರ ಚಿತ್ರಗಳನ್ನು ಅಚ್ಚು ಹಾಕಿಸಿದಾಗ ಕವಚಗಾರನ ಚಿತ್ರವನ್ನೂ ಕೊರೆದ. ಅಡೆಗಲ್ಲು ಇದೆ, ಸುತ್ತಿಗೆ ಇದೆ, ಗೋಡೆಯ ಬಳಿ ಮುಗಿದ ಕೆಲಸವೂ ಇದೆ. ಆದರೆ ಸುತ್ತಿಗೆಯನ್ನು ಯಾವ ಕೋನದಲ್ಲಿ ಹಿಡಿಯಬೇಕು, ಪೆಟ್ಟು ಅಂಚಿನಿಂದ ನಡುವಿಗೋ ನಡುವಿನಿಂದ ಅಂಚಿಗೋ ಎಂಬುದು ಚಿತ್ರದಲ್ಲಿ ಸಿಕ್ಕುವ ವಿಷಯವಲ್ಲ.

ಮರೆತುಹೋದ ವಸ್ತುವಿನ ಮೇಲೆ ಮೋಹ ಹುಟ್ಟುವುದು ಲೋಕರೂಢಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಾಲ್ಟರ್ ಸ್ಕಾಟನ ಕಾದಂಬರಿಗಳನ್ನು ಓದಿ ಇಂಗ್ಲೆಂಡಿನ ಶ್ರೀಮಂತರಿಗೆ ನೈಟ್‌ಗಳ ಹುಚ್ಚು ಹಿಡಿಯಿತು. 1838ರಲ್ಲಿ ವಿಕ್ಟೋರಿಯ ರಾಣಿಯ ಪಟ್ಟಾಭಿಷೇಕವನ್ನು ಹಳೆಯ ವೈಭವಗಳನ್ನೆಲ್ಲ ಬಿಟ್ಟು ಮಿತವ್ಯಯದಲ್ಲಿ ಮುಗಿಸಿದಾಗ, ಎಗ್ಲಿಂಟನ್ನಿನ ಜಮೀನುದಾರ ಸರದಾರನಿಗೆ ಬೇಸರವಾಯಿತು. ತನ್ನ ಸ್ಕಾಟ್ಲೆಂಡಿನ ಎಸ್ಟೇಟಿನಲ್ಲಿ ತಾನೇ ಒಂದು ಮಧ್ಯಯುಗದ ಪಂದ್ಯ ನಡೆಸುವೆನೆಂದು ಹೊರಟ. ಲಂಡನ್ನಿನ ಸಾಮ್ಯುಯೆಲ್ ಪ್ರಾಟ್ ಎಂಬ ಹಳೆಯ ವಸ್ತುಗಳ ವ್ಯಾಪಾರಿ ಎಲ್ಲರಿಗೂ ಕವಚ ಒದಗಿಸುವ ಗುತ್ತಿಗೆ ಹಿಡಿದ. ಮೊದಲು ಉತ್ಸಾಹ ತೋರಿದವರಲ್ಲಿ ಬಹುಮಂದಿ ಖರ್ಚಿನ ಪಟ್ಟಿ ನೋಡಿ ಹಿಂದೆ ಸರಿದರು. 1839ರ ಆಗಸ್ಟ್ 28ರಂದು ಪಂದ್ಯ ನೋಡಲು ಸುಮಾರು ಒಂದು ಲಕ್ಷ ಜನ ಸೇರಿದರೆಂದು ಅಂದಾಜು. ಮೆರವಣಿಗೆ ಹೊರಡುವ ಹೊತ್ತಿಗೆ ಸ್ಕಾಟ್ಲೆಂಡಿನ ಮಳೆ ಸುರಿಯಲಾರಂಭಿಸಿತು. ಪಂದ್ಯದ ರಾಜನಾಗಿ ಬಂದಿದ್ದ ಲಂಡನ್‌ಡೆರಿಯ ಪ್ರಭು ಕೊಡೆ ಬಿಚ್ಚಿದ. ಕವಚದ ನೈಟ್‌ಗಳು, ಅವರ ಮಧ್ಯೆ ಕೊಡೆ! ಪತ್ರಿಕೆಗಳಿಗೆ ಹಬ್ಬವಾಯಿತು. ಎರಡು ದಿನದ ಮೇಲೆ ಬಿಸಿಲು ಬಂದು ಪಂದ್ಯ ನಡೆದರೂ ಜನರ ನೆನಪಿನಲ್ಲಿ ಉಳಿದದ್ದು ಕೊಡೆಯೇ.

ಎಗ್ಲಿಂಟನ್ನಿನವರನ್ನು ಕುರಿತು ನಗುವುದು ಸುಲಭ. ಆದರೆ ಅವರು ಸೋತದ್ದು ಮಳೆಯಿಂದ ಮಾತ್ರವಲ್ಲ. ಅವರಿಗೆ ಬೇಕಾಗಿದ್ದದ್ದು ಕವಚದ ನೋಟ. ಅದನ್ನು ದುಡ್ಡು ಕೊಟ್ಟು ಪಡೆದರು. ಮಾಡುವವನ ವಿದ್ಯೆಯನ್ನಾಗಲಿ, ತೊಡುವವನ ಅಭ್ಯಾಸವನ್ನಾಗಲಿ ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ. ಕೊಳ್ಳುವವರಿಗೆ ಒಳಗಿನ ಕೆಲಸ ಗೊತ್ತಿಲ್ಲದ ಕಾಲದಲ್ಲಿ ಖೋಟಾ ಕವಚಗಳೂ ಧಾರಾಳವಾಗಿ ಹುಟ್ಟಿಕೊಂಡವು. 1322ರ ಕಟ್ಟಳೆ ಯಾವುದನ್ನು ತಡೆಯಬೇಕೆಂದಿತ್ತೋ ಅದೇ ಐದು ಶತಮಾನಗಳ ಮೇಲೆ ಮತ್ತೆ ತಲೆಯೆತ್ತಿತು.

ವಿದ್ಯೆಯ ಎಳೆ ಮತ್ತೆ ಕಾಣಿಸಿಕೊಂಡದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಬ್ಯಾಷ್‌ಫರ್ಡ್ ಡೀನ್ ಎಂಬ ಪ್ರಾಣಿಶಾಸ್ತ್ರಜ್ಞನಿದ್ದ. ಅವನ ವೃತ್ತಿ ಮೀನುಗಳ ಅಧ್ಯಯನ. ಮೈಮೇಲೆ ಗಟ್ಟಿ ಫಲಕಗಳನ್ನು ಹೊತ್ತಿದ್ದ ಪುರಾತನ ಮೀನುಗಳ ಪಳೆಯುಳಿಕೆಗಳಲ್ಲಿ ಅವನಿಗೆ ವಿಶೇಷ ಆಸಕ್ತಿ. ಮನುಷ್ಯರ ಕವಚಗಳ ಸಂಗ್ರಹ ಅವನ ಹವ್ಯಾಸ. ಆ ಹವ್ಯಾಸ ಎಷ್ಟು ಬೆಳೆಯಿತೆಂದರೆ, ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 1912ರಲ್ಲಿ ಆಯುಧ ಮತ್ತು ಕವಚಗಳ ವಿಭಾಗವನ್ನು ತೆರೆದು ಅವನ ಕೈಗೆ ಒಪ್ಪಿಸಿತು. ಡೀನ್ ಮಾಡಿದ ಜಾಣತನವೆಂದರೆ, ಫ್ರಾನ್ಸಿನಲ್ಲಿ ಪಳಗಿದ್ದ ಡೇನಿಯಲ್ ತಾಷೋ ಎಂಬ ಕವಚಗಾರನನ್ನು ಕರೆತಂದು, ಸಂಗ್ರಹಾಲಯದೊಳಗೇ ಒಂದು ಕಾರ್ಯಾಗಾರ ಹಾಕಿಸಿದ್ದು. ಮೊದಲನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಸೈನಿಕರ ಉಕ್ಕಿನ ಟೋಪಿಗಳ ಹೊಸ ಮಾದರಿಗಳನ್ನು ಇಬ್ಬರೂ ಇದೇ ಕಾರ್ಯಾಗಾರದಲ್ಲಿ ತಯಾರಿಸಿದರು. ಸೈನ್ಯ ಅವುಗಳನ್ನು ಬಳಕೆಗೆ ತರಲಿಲ್ಲ. ಆದರೂ ಐನೂರು ವರ್ಷ ಹಿಂದಿನ ಶಿರಸ್ತ್ರಾಣದ ಓರೆ ಕೋರೆಗಳಿಗೆ ಕಾರಣವಿದೆ, ಆ ಕಾರಣವನ್ನು ಮಾಡುತ್ತ ಮಾಡುತ್ತ ತಿಳಿಯಬಹುದು ಎಂಬುದು ಸ್ಪಷ್ಟವಾಯಿತು.

ಇನ್ನೊಂದು ದೊಡ್ಡ ಪಾಠ ಸ್ವೀಡನ್ನಿನ ಮಣ್ಣಿನೊಳಗಿನಿಂದ ಬಂತು. 1361ರ ಜುಲೈ 27ರಂದು ಗಾಟ್ಲೆಂಡ್ ದ್ವೀಪದ ವಿಸ್ಬಿ ನಗರದ ಗೋಡೆಯ ಹೊರಗೆ ಡೆನ್ಮಾರ್ಕಿನ ರಾಜ ವಾಲ್ಡೆಮಾರನ ಪಳಗಿದ ಸೈನ್ಯವನ್ನು ದ್ವೀಪದ ರೈತರು ಎದುರಿಸಿದರು. ಅವರಲ್ಲಿ ಹುಡುಗರೂ ಇದ್ದರು, ಮುದುಕರೂ ಇದ್ದರು. ತೊಟ್ಟಿದ್ದ ಕವಚಗಳು ಆಗಲೇ ಹಳೆಯ ಮಾದರಿಯವು. ಅಂದು ಸಾವಿರಾರು ಜನ ಸತ್ತರು. ಬೇಸಗೆಯ ಶೆಕೆ; ಹೆಣಗಳು ಕೆಡುವುದಕ್ಕೆ ಮೊದಲೇ ಹೂಳಬೇಕಾಗಿತ್ತು. ಆದ್ದರಿಂದ ಅನೇಕರನ್ನು ಕವಚ ಬಿಚ್ಚದೆಯೇ ದೊಡ್ಡ ಗುಂಡಿಗಳಲ್ಲಿ ಮಣ್ಣು ಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ, 1905ರಿಂದ 1930ರವರೆಗೆ ಹಲವು ಸಲ ಆ ಗುಂಡಿಗಳನ್ನು ಅಗೆದಾಗ 1,100ಕ್ಕೂ ಹೆಚ್ಚು ಜನರ ಎಲುಬುಗಳೂ, ಇಪ್ಪತ್ತಕ್ಕೂ ಮಿಕ್ಕಿ ತಗಡು ಹೊಲಿದ ಅಂಗಿಗಳೂ ಸಿಕ್ಕಿದವು. ತೊಗಲು ಕೊಳೆತುಹೋಗಿತ್ತು, ಆದರೆ ಅದರ ಒಳಮೈಗೆ ರಿವೆಟ್ ಹೊಡೆದಿದ್ದ ತಗಡುಗಳು ತಮ್ಮ ತಮ್ಮ ಜಾಗದಲ್ಲಿಯೇ ಇದ್ದವು. ಬೆಂಗ್ಟ್ ಥೋರ್ಡೆಮಾನ್ ಎಂಬ ಪುರಾತತ್ತ್ವಜ್ಞ ಅವುಗಳನ್ನು ಒಂದೊಂದಾಗಿ ಅಳೆದು, ಚಿತ್ರ ಬರೆದು, 1939–40ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಯಾವ ತಗಡು ಎಷ್ಟು ಉದ್ದ, ಯಾವುದರ ಮೇಲೆ ಯಾವುದು ಕೂರುತ್ತದೆ, ರಿವೆಟ್ ಎಲ್ಲಿ ಎಂಬುದೆಲ್ಲ ಅದರಲ್ಲಿತ್ತು. ಹೆಸರಿಲ್ಲದೆ ಸತ್ತ ಒಕ್ಕಲುಮಕ್ಕಳ ಅಂಗಿಗಳು ಮುಂದೆ ಸಾವಿರಾರು ಹವ್ಯಾಸಿಗಳಿಗೆ ಮೊದಲ ಪಾಠವಾದವು.

ಆ ಹವ್ಯಾಸಿಗಳ ಕಥೆ ಆರಂಭವಾಗುವುದು ಅಮೆರಿಕದ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ. 1966ರ ಮೇ 1ರಂದು, ಡಯಾನಾ ಪ್ಯಾಕ್ಸನ್ ಎಂಬಾಕೆಯ ಮನೆಯ ಹಿತ್ತಿಲಲ್ಲಿ ಗೆಳೆಯರ ಒಂದು ಕೂಟ ನಡೆಯಿತು. ಕತ್ತಿವರಸೆಯ ಜಾಲರಿ ಮುಖವಾಡ ತೊಟ್ಟು, ಪ್ಲೈವುಡ್ಡಿನ ಕತ್ತಿ ಹಿಡಿದು ಕಾಳಗವಾಡಿದರು. ಕೊನೆಯಲ್ಲಿ ಹಾಡು ಹೇಳುತ್ತ ಬೀದಿಯಲ್ಲಿ ಮೆರವಣಿಗೆ ಹೋದರು. ಇಪ್ಪತ್ತನೆಯ ಶತಮಾನದ ವಿರುದ್ಧ ತಮ್ಮ ಪ್ರತಿಭಟನೆ ಇದು ಎಂದು ವಿನೋದವಾಗಿ ಹೇಳಿಕೊಂಡರು. ವಿನೋದ ಅಲ್ಲಿಗೇ ಮುಗಿಯಲಿಲ್ಲ. ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್ ಎಂಬ ಸಂಘವಾಗಿ ಬೆಳೆದು ದೇಶದೇಶಗಳಿಗೆ ಹಬ್ಬಿತು. ಪೆನ್ಸಿಲ್ವೇನಿಯದಲ್ಲಿ 1972ರಿಂದ ನಡೆಯುತ್ತಿರುವ ಇವರ ‘ಪೆನ್ಸಿಕ್’ ಕಾಳಗಕ್ಕೆ ಹತ್ತು ಸಾವಿರ ಮಂದಿ ಸೇರಿದ್ದುಂಟು.

ಆಟವಾದರೂ ಪೆಟ್ಟು ನಿಜವಾದದ್ದು. ಕತ್ತಿಯ ಬದಲು ದಪ್ಪ ಬೆತ್ತ. ಆದರೆ ಬೀಸುವವನು ಪೂರ್ತಿ ಬಲದಿಂದ ಬೀಸುತ್ತಾನೆ. ಅಂಗಡಿಯಲ್ಲಿ ಕವಚ ಸಿಕ್ಕುವಂತಿರಲಿಲ್ಲ. ಸಿಕ್ಕಿದರೂ ವಿದ್ಯಾರ್ಥಿಗಳಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ಆದ್ದರಿಂದ ಕೈಗೆ ಸಿಕ್ಕಿದ್ದರಲ್ಲೇ ಮಾಡಿಕೊಂಡರು. ಹಳೆಯ ನೆಲಹಾಸನ್ನು ಕತ್ತರಿಸಿ ಎದೆಗೆ ಕಟ್ಟಿಕೊಂಡವರಿದ್ದರು. ಶೀತಲಯಂತ್ರಗಳ ಅನಿಲ ತುಂಬಿ ಬರುತ್ತಿದ್ದ ಉಕ್ಕಿನ ಡಬ್ಬವನ್ನು ಕೊರೆದು ತಲೆಗೆ ಹಾಕಿಕೊಂಡವರೂ ಇದ್ದರು. ನೋಟ ಹಾಸ್ಯಾಸ್ಪದವಾಗಿತ್ತು. ಆದರೆ ಇವರ ಕೆಲಸ ಎಗ್ಲಿಂಟನ್ನಿನವರದಕ್ಕೆ ನೇರ ವಿರುದ್ಧ: ಅಲ್ಲಿ ನೋಟವಿತ್ತು, ವಿದ್ಯೆಯಿರಲಿಲ್ಲ, ಇಲ್ಲಿ ನೋಟವಿರಲಿಲ್ಲ, ವಿದ್ಯೆ ದಿನದಿನಕ್ಕೆ ಬೆಳೆಯುತ್ತಿತ್ತು. ಪ್ರತಿ ಭಾನುವಾರದ ಪೆಟ್ಟೂ ಒಂದು ಪಾಠ ಹೇಳುತ್ತಿತ್ತು. ಎಲ್ಲಿ ನೋವಾಯಿತೋ ಅಲ್ಲಿ ಕವಚ ತಪ್ಪಾಗಿದೆ ಎಂದರ್ಥ.

ಹೀಗೆ ಕಲಿತದ್ದೆಲ್ಲ ನಿಯಮಗಳಾಯಿತು. ಶಿರಸ್ತ್ರಾಣದ ಉಕ್ಕು ಸುಮಾರು 1.6 ಮಿಲಿಮೀಟರಿಗಿಂತ ತೆಳುವಾಗಿರಕೂಡದು. ಒಳಗೆ ಅರ್ಧ ಅಂಗುಲದ ಮೆತ್ತೆ ಇರಬೇಕು. ಮುಖದ ಮುಂದಿನ ಸರಳುಗಳ ಸಂದಿನಲ್ಲಿ ಒಂದು ಅಂಗುಲ ದಪ್ಪದ ಕೋಲು ತೂರಕೂಡದು. ಕುತ್ತಿಗೆ, ಮೊಣಕೈ, ಮೊಣಕಾಲು, ಕೈ, ಬೆನ್ನಿನ ಕೆಳಭಾಗದ ಮೂತ್ರಪಿಂಡಗಳ ಜಾಗ, ಇವು ಮುಚ್ಚಿರಲೇಬೇಕು. ಕೋಲು ತೂರಿಸಿ ನೋಡುವ ನಿಯಮ ವಿಚಿತ್ರವಾಗಿ ಕಂಡೀತು. ಆದರೆ 1559ರಲ್ಲಿ ಫ್ರಾನ್ಸಿನ ರಾಜ ಎರಡನೆಯ ಹೆನ್ರಿ ಮದುವೆಯ ಸಂಭ್ರಮದ ಪಂದ್ಯವೊಂದರಲ್ಲಿ ಭರ್ಜಿ ಹಿಡಿದಾಗ, ಎದುರಾಳಿಯ ಭರ್ಜಿ ಮುರಿದು ಅದರ ಸಿಬಿರು ಮುಖದ ಮುಚ್ಚಳದ ಸಂದಿನಿಂದ ಕಣ್ಣಿನ ಕಡೆ ಹೊಕ್ಕಿತು. ಹತ್ತು ದಿನ ನರಳಿ ರಾಜ ಸತ್ತ. ಇದನ್ನು ನೆನೆದರೆ ಒಂದು ಅಂಗುಲದ ಲೆಕ್ಕ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಇಂಥ ಕೂಟಗಳಲ್ಲಿ ಹಿರಿಯನೊಬ್ಬ ಪ್ರತಿಯೊಬ್ಬನ ಕವಚವನ್ನೂ ಮುಟ್ಟಿ, ಎಳೆದು, ಅಲ್ಲಾಡಿಸಿ ನೋಡಿದ ಮೇಲೆಯೇ ಅಂಗಳಕ್ಕೆ ಬಿಡುವುದು. ಅವನು ಮಾಡುವುದು ಲಂಡನ್ನಿನ ಹಳೆಯ ಸಂಘದ ಕೆಲಸವನ್ನೇ.

ಈಗ ಹೊಸಬನೊಬ್ಬ ಕವಚ ಮಾಡಿಕೊಳ್ಳುವ ಕ್ರಮವನ್ನು ಸ್ವಲ್ಪ ನೋಡೋಣ. ಅವನು ಮೊದಲು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ: ಬರಿಯ ಮೈಯ ಅಳತೆ ತೆಗೆದು ತಗಡು ಕತ್ತರಿಸುವುದು. ಕರ್ಣನ ಕವಚ ಮೈಯೊಡನೆಯೇ ಹುಟ್ಟಿತ್ತು. ಅವನಿಗೆ ಅಳತೆಯ ತೊಂದರೆಯಿರಲಿಲ್ಲ. ಉಳಿದವರಿಗೆ ಕವಚದ ಒಳಗೆ ಹತ್ತಿ ತುಂಬಿ ಕೌದಿಯಂತೆ ಹೊಲಿದ ದಪ್ಪ ಅಂಗಿ ಬೇಕು. ಪೆಟ್ಟಿನ ರಭಸವನ್ನು ಕುಡಿಯುವುದು ಆ ಅಂಗಿ; ಉಕ್ಕು ಅದನ್ನು ಹರಡುತ್ತದೆ ಅಷ್ಟೆ. ಆದಕಾರಣ ಬಲ್ಲವರು ಹೊಸಬನಿಗೆ ಹೇಳುವ ಮೊದಲ ಮಾತು: ಮೊದಲು ಅಂಗಿ ಹೊಲಿಸು, ಆಮೇಲೆ ಸುತ್ತಿಗೆ ಹಿಡಿ. ಇಂಗ್ಲೆಂಡಿನಲ್ಲಿ ಹದಿನೈದನೆಯ ಶತಮಾನದಲ್ಲಿ ಬರೆದ ಒಂದು ಹಸ್ತಪ್ರತಿ, ಯೋಧನಿಗೆ ಕವಚ ತೊಡಿಸುವ ಕ್ರಮವನ್ನು ಹೇಳುತ್ತದೆ. ಅದೂ ಒಳಗಿನ ಅಂಗಿಯಿಂದಲೇ ಆರಂಭವಾಗಿ, ಪಾದದಿಂದ ಮೇಲಕ್ಕೆ ಒಂದೊಂದಾಗಿ ಏರುತ್ತ ಹೋಗುತ್ತದೆ.

ಎರಡನೆಯದು ರಟ್ಟಿನ ಕೆಲಸ. ದರ್ಜಿ ಕಾಗದದ ಮೇಲೆ ಕತ್ತರಿಸಿ ನೋಡುವಂತೆ, ಕವಚವನ್ನು ಮೊದಲು ರಟ್ಟಿನಲ್ಲಿ ಮಾಡಿ ಮೈಗೆ ಕಟ್ಟಿ ನೋಡಬೇಕು. ಕೈ ಎತ್ತಬೇಕು, ಬಗ್ಗಬೇಕು, ಕೂರಬೇಕು. ಇಲ್ಲಿ ಗೆಳೆಯನಿಲ್ಲದೆ ಆಗದು. ತನ್ನ ಬೆನ್ನನ್ನು ತಾನೇ ಅಳೆದುಕೊಂಡವನು ಯಾರೂ ಇಲ್ಲ. ಬಲಗೈಯ ಅಳತೆಯನ್ನು ಎಡಗೈಯಲ್ಲಿ ತೆಗೆದುಕೊಂಡವನ ತೋಳಿನ ತಗಡು ಯಾವಾಗಲೂ ಸೊಟ್ಟ. ಒಬ್ಬನಿಗೆ ಸರಿಯಾದ ರಟ್ಟಿನ ಅಚ್ಚು ಗೆಳೆಯರಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬನೂ ತನ್ನ ಮೈಗೆ ತಕ್ಕಂತೆ ಅರ್ಧ ಅಂಗುಲ ಕೂಡಿಸಿ, ಕಾಲು ಅಂಗುಲ ಕಳೆದು ಮುಂದಕ್ಕೆ ಕೊಡುತ್ತಾನೆ.

ಆಮೇಲೆ ತಗಡು. ಇದಕ್ಕೆ ಎರಡು ದಾರಿ ಉಂಟು. ಒಂದು ಮರದ ಕೊರಡಿನಲ್ಲಿ ಬೋಗುಣಿಯಂತೆ ಹಳ್ಳ ತೋಡಿ, ಅದರ ಮೇಲೆ ತಗಡಿಟ್ಟು ಉರುಟು ಮೂತಿಯ ಸುತ್ತಿಗೆಯಿಂದ ಒಳಮೈಗೆ ಹೊಡೆಯುವುದು. ತಗಡು ಹಿಗ್ಗಿ ಬಟ್ಟಲಾಗುತ್ತದೆ. ಮೊಣಕಾಲ ಚಿಪ್ಪಿಗೆ ಇಷ್ಟು ಸಾಕು. ಆದರೆ ಹಿಗ್ಗಿದ ಕಡೆ ತಗಡು ತೆಳುವಾಗುತ್ತದೆ. ಇನ್ನೊಂದು ದಾರಿ, ಉಕ್ಕಿನ ಗೂಟದ ಮೇಲೆ ತಗಡನ್ನು ಕವಿಸಿ ಹೊರಮೈಯಿಂದ ಹೊಡೆಯುತ್ತ ಒಳಕ್ಕೆ ಕುಗ್ಗಿಸುವುದು. ನಮ್ಮ ಕಂಚುಗಾರರು ಕೊಡದ ಹೆಗಲನ್ನು ಕಂಠಕ್ಕೆ ತರುವ ಕೆಲಸವನ್ನು ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಇದರಲ್ಲಿ ತಗಡು ದಪ್ಪ ಕಳೆದುಕೊಳ್ಳುವುದಿಲ್ಲ. ಆದರೆ ಕೈ ಪಳಗಬೇಕು. ಹೊಡೆದಷ್ಟೂ ಉಕ್ಕು ಬಿರುಸಾಗುತ್ತದೆ. ಬಿರುಕು ಬಿಡುವ ಮುನ್ನ ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಡಬೇಕು. ಇಲ್ಲಿಯೂ ಹಿರಿಯರ ಎಚ್ಚರಿಕೆ ಕಾಯುತ್ತದೆ: ಸತುವಿನ ಲೇಪವಿರುವ ತಗಡನ್ನು ಬೆಂಕಿಗೆ ಹಿಡಿಯಬೇಡ, ಅದರ ಹೊಗೆ ವಿಷ, ಕಿವಿಗೆ ತಕ್ಕ ರಕ್ಷಣೆಯಿಲ್ಲದೆ ಸುತ್ತಿಗೆ ಹಿಡಿಯಬೇಡ, ಕವಚ ಮುಗಿಯುವ ಹೊತ್ತಿಗೆ ಕಿವಿಯೂ ಮುಗಿದೀತು.

ಎಲ್ಲಕ್ಕಿಂತ ಕಷ್ಟವಾದದ್ದು ಕೀಲು. ಮೊಣಕೈ ಮಡಿಸುವಾಗ ಮೂರು ನಾಲ್ಕು ಕಿರುತಗಡುಗಳು ಒಂದರ ಕೆಳಗೊಂದು ಜಾರಬೇಕು; ಚಾಚಿದಾಗ ಸಂದು ಕಾಣಬಾರದು. ಒಂದು ರಿವೆಟ್ಟಿನ ತೂತು ಎರಡು ಮಿಲಿಮೀಟರು ಅತ್ತಿತ್ತ ಸರಿದರೆ ಕೀಲು ಹಿಡಿದುಕೊಳ್ಳುತ್ತದೆ. ಹವ್ಯಾಸಿ ಹೊಸಬನ ಮನೆಯಲ್ಲಿ ಇಂಥ ಹಾಳಾದ ಮೊಣಕೈಗಳು ಮೂರೋ ನಾಲ್ಕೋ ಮೂಲೆಯಲ್ಲಿ ಬಿದ್ದಿರುವುದು ಮಾಮೂಲು. ತಗಡು ಹಾಳು, ತಿಂಗಳ ದುಡಿತ ಹಾಳು. ಅನೇಕರು ಕೈಬಿಡುವುದೂ ಈ ಹಂತದಲ್ಲಿಯೇ. ಆ ಹೊತ್ತಿಗೆ ಅನುಭವಿಯೊಬ್ಬ ಬಂದು, ತೂತನ್ನು ದುಂಡಗೆ ಬಿಡದೆ ಸ್ವಲ್ಪ ಉದ್ದಕ್ಕೆ ಅರದಿಂದ ತೀಡು, ರಿವೆಟ್ ಜಾರಲಿ ಎಂದು ತೋರಿಸಿಕೊಡುತ್ತಾನೆ. ಹದಿನೈದು ಹದಿನಾರನೆಯ ಶತಮಾನದ ಕವಚಗಾರರು ಬಲ್ಲ ಉಪಾಯವೇ ಇದು. ಉಂಗುರದಂಗಿ ಹೆಣೆಯುವವನ ಕಷ್ಟ ಬೇರೆ. ಅವನಿಗೆ ಬೇಕಾದದ್ದು ಜಾಣತನಕ್ಕಿಂತ ತಾಳ್ಮೆ. ತಂತಿಯನ್ನು ಕಂಬಿಗೆ ಸುತ್ತಿ, ಕತ್ತರಿಸಿ, ಚಪ್ಪಟೆ ಮಾಡಿ, ತೂತು ಹೊಡೆದು, ಒಂದೊಂದನ್ನೇ ಮುಚ್ಚುತ್ತ ತಿಂಗಳುಗಟ್ಟಲೆ ಕೂರಬೇಕು. ಕೈಗೆ ಕೆಲಸ, ಕಿವಿಗೆ ಬಿಡುವು. ರೇಡಿಯೋ ಮುಂದಿಟ್ಟುಕೊಂಡು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕದು.

ಹೀಗೆ ಮಾಡಿದ ಕವಚಗಳು ಇತಿಹಾಸಕ್ಕೆ ಏನು ಹೇಳಿದವು? ಫ್ರಾನ್ಸಿನ ದಂಡನಾಯಕ ಬೂಸಿಕೋ ಎಂಬವನ ಜೀವನಚರಿತ್ರೆ ಹದಿನೈದನೆಯ ಶತಮಾನದ ಆರಂಭದ್ದು. ಅವನು ಶಿರಸ್ತ್ರಾಣ ಬಿಟ್ಟು ಉಳಿದ ಕವಚವೆಲ್ಲ ತೊಟ್ಟು ಲಾಗ ಹಾಕುತ್ತಿದ್ದನೆಂದೂ, ರಿಕಾಪು ಮೆಟ್ಟದೆ ಕುದುರೆಗೆ ನೆಗೆಯುತ್ತಿದ್ದನೆಂದೂ ಅದರಲ್ಲಿದೆ. ಹೊಗಳುಭಟರ ಮಾತೆಂದು ಇದನ್ನು ಓದಿ ನಕ್ಕವರಿದ್ದರು. ಸ್ವಿಟ್ಜರ್ಲೆಂಡಿನ ವಿದ್ವಾಂಸ ಡೇನಿಯಲ್ ಜಾಕೆ ತನ್ನ ಅಳತೆಗೆ ಮಾಡಿಸಿದ ಕವಚ ತೊಟ್ಟು ಈ ಸಾಧನೆಗಳಲ್ಲಿ ಹಲವನ್ನು ಮಾಡಿ ನೋಡಿದ. 2016ರಲ್ಲಿ, ಹೊರೆ ಹೊತ್ತ ಇಂದಿನ ಸೈನಿಕನೊಬ್ಬನ ಮತ್ತು ಅಗ್ನಿಶಾಮಕದವನೊಬ್ಬನ ಜೊತೆ ಅಡೆತಡೆಗಳ ಓಟವನ್ನೂ ಓಡಿದ. ರಾಟೆಯ ಕಥೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಕವಚವೇ ಹೇಳಿತು. 2011ರಲ್ಲಿ ಲೀಡ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು, ಕವಚದಲ್ಲಿ ಕಾಳಗ ಮಾಡಿ ಪಳಗಿದವರಿಗೆ ಹದಿನೈದನೆಯ ಶತಮಾನದ ಮಾದರಿಯ ಕವಚ ತೊಡಿಸಿ, ಓಡುವ ಪಟ್ಟಿಯ ಮೇಲೆ ನಡೆಸಿ, ಅವರ ಉಸಿರನ್ನು ಅಳೆದರು. ನಡೆಯುವುದಕ್ಕೆ ಖರ್ಚಾಗುವ ಶಕ್ತಿ ಎರಡರಷ್ಟಕ್ಕೂ ಮಿಕ್ಕಿತು. ಅಷ್ಟೇ ತೂಕವನ್ನು ಬೆನ್ನಿಗೆ ಹೊತ್ತರೆ ಇಷ್ಟು ದಣಿವಾಗದು. ಪ್ರತಿ ಹೆಜ್ಜೆಗೂ ಕಾಲಿನ ಉಕ್ಕನ್ನು ಎತ್ತಿ ಬೀಸಬೇಕಲ್ಲ! ಎದೆಯ ತಗಡು ಬಿಗಿಯಾಗಿರುವುದರಿಂದ ಉಸಿರನ್ನು ಆಳವಾಗಿ ಎಳೆಯುವುದೂ ಕಷ್ಟ. 1415ರ ಅಜಿನ್‌ಕೋರ್ಟಿನಲ್ಲಿ ಕೆಸರುಗದ್ದೆಯನ್ನು ದಾಟಿ ಬಂದ ಫ್ರೆಂಚ್ ಯೋಧರು ಇಂಗ್ಲಿಷರ ಸಾಲನ್ನು ಮುಟ್ಟುವ ಹೊತ್ತಿಗೆ ಸೋತುಹೋಗಿದ್ದರೆಂಬುದಕ್ಕೆ ಇದು ಒಂದು ಒಳ್ಳೆಯ ವಿವರಣೆ. ಅಂತೂ ನೈಟ್ ಆಮೆಯೂ ಅಲ್ಲ, ಗರುಡನೂ ಅಲ್ಲ. ಚುರುಕಾಗಿ ಕಾದಬಲ್ಲವನು, ಬೇಗ ದಣಿಯುವವನು.

ಹವ್ಯಾಸಿಗಳಿಗೆ ಎಟುಕದ ವಿಷಯವೂ ಒಂದುಂಟು. ಅವರು ಬಳಸುವ ತಗಡು ಇಂದಿನ ಕಾರ್ಖಾನೆಯಲ್ಲಿ ಉರುಳೆಗಳ ನಡುವೆ ಒತ್ತಿದ್ದು. ಉದ್ದಕ್ಕೂ ಒಂದೇ ದಪ್ಪ, ಒಂದೇ ಗುಣ. ಹಳೆಯ ಕವಚ ಹಾಗಲ್ಲ. ಪೆಟ್ಟು ಬೀಳುವ ಮುಂಭಾಗದಲ್ಲಿ ದಪ್ಪ, ಬದಿಗಳಲ್ಲಿ ತೆಳು. ಲೋಹದ ಗುಣವಂತೂ ಕವಚದಿಂದ ಕವಚಕ್ಕೆ ಬೇರೆ. ಇಂಗ್ಲೆಂಡಿನ ಅಲನ್ ವಿಲಿಯಮ್ಸ್ ನೂರಾರು ಹಳೆಯ ಕವಚಗಳ ಲೋಹವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಿಂದ, ಅನೇಕ ಕವಚಗಳು ಬರಿಯ ಮೆತು ಕಬ್ಬಿಣದವೆಂದೂ, ಉಕ್ಕನ್ನು ಕಾಯಿಸಿ ಅದ್ದಿ ಹದ ಕೊಡುವ ವಿದ್ಯೆಯಲ್ಲಿ ಇನ್ಸ್‌ಬ್ರುಕ್, ಆಗ್ಸ್‌ಬರ್ಗ್‌ಗಳ ಕುಶಲಿಗಳು ನಿಸ್ಸೀಮರಾಗಿದ್ದರೆಂದೂ ತಿಳಿಯಿತು. ಹೀಗೆ ಪ್ರಯೋಗಶಾಲೆಯೂ ಹಿತ್ತಿಲ ಕೊಟ್ಟಿಗೆಯೂ ಒಂದಕ್ಕೊಂದು ಪೂರಕ.

ಹಳೆಯ ಕೀಲುಗಳು ಹೊಸ ಕಾಲಕ್ಕೂ ಬೇಕಾದ ಒಂದು ಸ್ವಾರಸ್ಯವನ್ನು ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ 1520ರಲ್ಲಿ ನೆಲದ ಮೇಲಿನ ಕಾಳಗಕ್ಕೆಂದು ಒಂದು ಕವಚ ಆರಂಭಿಸಿದರು. 235 ತುಂಡುಗಳಿಂದ ಕೂಡಿದ ಅದು ಮೈಯ ಒಂದು ಬೆರಳಗಲವನ್ನೂ ಹೊರಗೆ ಬಿಡದು; ಮೊಣಕಾಲಿನ ಹಿಂಬದಿಗೂ ತಗಡು. ಪಂದ್ಯದ ನಿಯಮ ಬದಲಾದ್ದರಿಂದ ಅದು ಪೂರ್ತಿಯಾಗದೆ ಉಳಿಯಿತು. 1960ರ ದಶಕದಲ್ಲಿ ಅಮೆರಿಕದವರು ವ್ಯೋಮಯಾತ್ರಿಗಳ ಉಡುಪಿಗೆ ಕೀಲು ಕೂರಿಸುವ ಬಗೆ ಹುಡುಕುತ್ತಿದ್ದಾಗ ಇದೇ ಕವಚವನ್ನು ಅಭ್ಯಾಸ ಮಾಡಿದರು. ಕವಚ ಉಳಿದಿತ್ತು, ಆದ್ದರಿಂದ ಕೇಳಿದವರಿಗೆ ಉತ್ತರ ಸಿಕ್ಕಿತು. ಅದನ್ನು ಮಾಡಿದವರ ಮಾತು ಉಳಿದಿರಲಿಲ್ಲ.

ಹಳೆಯ ಕವಚಗಾರರು ತಮ್ಮ ವಿದ್ಯೆಯನ್ನು ಸಂಘದ ಬಾಗಿಲೊಳಗೆ ಭದ್ರವಾಗಿಟ್ಟರು. ಹೊಟ್ಟೆಪಾಡಿಗೆ ಹಾಗೆ ಮಾಡಿದರು, ತಪ್ಪೆನ್ನಲಾಗದು. ಆದರೆ ಬಾಗಿಲು ಮುಚ್ಚಿದಾಗ ವಿದ್ಯೆಯೂ ಒಳಗೇ ಉಳಿದುಹೋಯಿತು. ಇಂದಿನ ಹವ್ಯಾಸಿಗಳಿಗೆ ಮುಚ್ಚಿಡುವುದರಿಂದ ಲಾಭವಿಲ್ಲ. ಗೆಳೆಯನ ಶಿರಸ್ತ್ರಾಣ ಗಟ್ಟಿಯಾಗಿದ್ದರೆ ಮಾತ್ರ ಅವನೊಡನೆ ಮುಂದಿನ ಭಾನುವಾರವೂ ಆಡಬಹುದು. ಆದ್ದರಿಂದ ಕೇಳಿದವರಿಗೆ ಹೇಳುತ್ತಾರೆ, ಅಚ್ಚು ಕೊಡುತ್ತಾರೆ, ಮಾಡಿದ ತಪ್ಪನ್ನೂ ನಾಚದೆ ತೋರಿಸುತ್ತಾರೆ. ಮಾಡುವುದಕ್ಕೆ ಒಬ್ಬ ಬೇಕು, ಅಳೆಯುವುದಕ್ಕೆ ಒಬ್ಬ ಬೇಕು, ಕೊನೆಗೆ ಬೆನ್ನ ಹಿಂದಿನ ಪಟ್ಟಿಯನ್ನು ಬಿಗಿಯುವುದಕ್ಕೂ ಇನ್ನೊಬ್ಬ ಬೇಕು. ಅಂದಿನ ನೈಟ್‌ಗೂ ಆ ಪಟ್ಟಿಯನ್ನು ಬಿಗಿದುಕೊಡುವ ಹುಡುಗನೊಬ್ಬ ಜೊತೆಯಲ್ಲಿರಲೇಬೇಕಾಗಿತ್ತು.